ಬಣ್ಣದ ಡಬ್ಬಿ ಹೊತ್ತು ಹಳಿಯಾಳದ ಕಾಡಿಗೆ

ಮಂಗಳೂರಿನಿಂದ ರಾತ್ರಿ ಹೊರಟ ನಮ್ಮ ಬಸ್ಸು ಅಂಕೋಲಾ ದಾಟಿ ಅರಬೈಲು ಘಟ್ಟ ಹತ್ತುವಷ್ಟರಲ್ಲಿ ಬೆಳಕು ಹರಿದಿತ್ತು. ಡಿಕ್ಕಿಯಲ್ಲಿ ಬಣ್ಣದ ಡಬ್ಬಿಗಳು, ಬ್ರಶ್ಶುಗಳು, ಕೇರಂ ಬೋರ್ಡು, ನೋಟ್‌ಪುಸ್ತಕದ ಕಟ್ಟುಗಳು. ಬೇಸಿಗೆ ರಜೆಯಲ್ಲಿ ನಮ್ಮ ಇಗರ್ಜಿಯ ಯುವಕ ಸಂಘದವರು ಒಂದು ಹಳ್ಳಿಗೆ ಹೋಗಿ ಸೇವೆ ಮಾಡಿ ಬರುತ್ತಾರೆ, ಅದಕ್ಕೆ ‘ಮಿಶನ್ ಟ್ರಿಪ್’ ಅಂತ ಹೆಸರು. ಹುಡುಗರ ಮೇಲೆ ಒಂದು ಕಣ್ಣಿರಲಿ ಎಂದು ಫಾದರ್ ಈ ಸಲ ನನ್ನನ್ನೂ ಸೇರಿಸಿದ್ದರು. ಹೋಗಬೇಕಾದದ್ದು ಹಳಿಯಾಳ ತಾಲ್ಲೂಕಿನ ಒಂದು ಸಿದ್ದಿ ಕೇರಿಗೆ.

ಯಲ್ಲಾಪುರದಲ್ಲಿ ಚಹಾಕ್ಕೆ ಇಳಿದಾಗ ಪಕ್ಕದ ಬೆಂಚಿನಲ್ಲಿದ್ದವರೊಬ್ಬರು ನಮ್ಮ ಟೀ ಶರ್ಟಿನ ಮೇಲಿನ ಶಿಲುಬೆ ನೋಡಿ, “ಮತಾಂತರಕ್ಕ ಹೊಂಟೀರೇನು?” ಎಂದು ಕೇಳಿಯೇಬಿಟ್ಟರು. ರಾಜ್ಯದಲ್ಲಿ 2022ರಲ್ಲಿ ಮತಾಂತರದ ಕಾನೂನು ಬಂದಾಗಿನಿಂದ ಇಂಥ ಪ್ರಶ್ನೆ ಹೊಸದೇನಲ್ಲ. ಆ ಕೇರಿಯವರು ತಲೆಮಾರುಗಳಿಂದ ಕ್ಯಾಥೊಲಿಕರು, ನಾವು ಹೋಗಿ ಮಾಡುವಂಥದ್ದು ಏನೂ ಉಳಿದಿಲ್ಲ ಎಂದೆ. ಅವರು ನಕ್ಕು ನಮ್ಮ ಚಹಾದ ದುಡ್ಡನ್ನೂ ಕೊಟ್ಟು ಹೋದರು.

ಸಿದ್ದಿಗಳ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಈ ಕಾಡು ಸೇರಿದರು. ಇವತ್ತು ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಮಾತು ಹೆಚ್ಚಿನವರಿಗೆ ಕೊಂಕಣಿ. ನಮ್ಮ ಹುಡುಗರದ್ದೂ ಕೊಂಕಣಿಯೇ ಆದ್ದರಿಂದ ಮಾತಿಗೆ ತೊಡಕಾಗಲಾರದು ಎಂದುಕೊಂಡು ಹೋಗಿದ್ದೆವು. ಅಲ್ಲಿನ ಮಕ್ಕಳು ನಮ್ಮ ಕೊಂಕಣಿ ಕೇಳಿ ಬಿದ್ದು ಬಿದ್ದು ನಕ್ಕವು. ಕೊನೆಗೆ ಎಲ್ಲರೂ ಕನ್ನಡಕ್ಕೇ ಬಂದು ನಿಂತೆವು.

ಅಂಗನವಾಡಿಯ ಗೋಡೆಗೆ ಬಣ್ಣ ಬಳಿಯುವುದು ಮೊದಲ ಕಾರ್ಯಕ್ರಮ. ನಮ್ಮವರು ಫೋಟೊ ತೆಗೆಸಿಕೊಳ್ಳುತ್ತ, ಹಾಡು ಹೇಳುತ್ತ ಒಂದು ಗೋಡೆ ಮುಗಿಸುವಷ್ಟರಲ್ಲಿ ಕೇರಿಯ ಇಬ್ಬರು ಹುಡುಗರು ಬಂದು ಉಳಿದ ಮೂರನ್ನು ಮುಗಿಸಿದರು. ಅವರು ಗೋವಾದಲ್ಲಿ ಪೇಂಟಿಂಗ್ ಕೂಲಿ ಮಾಡುವವರು, ರಜೆಗೆ ಊರಿಗೆ ಬಂದಿದ್ದರಷ್ಟೆ. ನಮ್ಮ ಬಸ್ಸಿನ ಬಾಡಿಗೆಯಲ್ಲಿ ಅವರಿಗೆ ಎಷ್ಟು ದಿನದ ಕೂಲಿ ಕೊಡಬಹುದಿತ್ತು ಎಂದು ನಮ್ಮಲ್ಲೇ ಒಬ್ಬ ಬಿ.ಕಾಂ. ಹುಡುಗ ಮೊಬೈಲಿನಲ್ಲಿ ಲೆಕ್ಕ ಹಾಕಿ ತೋರಿಸಿದ. ಯಾರೂ ಮಾತಾಡಲಿಲ್ಲ. ಇಂಥ ಪ್ರವಾಸಗಳ ಬಗ್ಗೆ ಯಾರೂ ಎತ್ತದ ಲೆಕ್ಕ ಇದು. ಹುಡುಗರು ಹಳ್ಳಿ ನೋಡಲಿ, ತಪ್ಪಲ್ಲ. ಆದರೆ ಅದು ಅವರ ಕಲಿಕೆ, ಹಳ್ಳಿಗೆ ಮಾಡಿದ ಉಪಕಾರ ಅಂತ ಹೇಳಿಕೊಳ್ಳುವುದು ಬೇಡ.

ಮಧ್ಯಾಹ್ನದ ಬಿಸಿಲಿಗೆ ನಾನು ಒಂದು ಮನೆಯ ಜಗಲಿಯಲ್ಲಿ ಕೂತೆ. ಅಜ್ಜಿಯೊಬ್ಬರು ಕವದಿ ಹೊಲಿಯುತ್ತಿದ್ದರು. ಹಳೇ ಸೀರೆ, ಅಂಗಿ, ಲಂಗಗಳ ತುಂಡುಗಳನ್ನು ಒಂದು ಸೀರೆಯ ಮೇಲೆ ಹೊಂದಿಸಿಕೊಂಡು ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವ ಹೊಲಿಗೆ ಅದು. ದಪ್ಪ ಬಿಳಿ ದಾರ. ಒಂದೊಂದು ಹೊಲಿಗೆಯೂ ಭತ್ತದ ಕಾಳಿನಷ್ಟು, ಸಾಲು ಸ್ವಲ್ಪವೂ ತಪ್ಪುವುದಿಲ್ಲ. ನಾಲ್ಕು ಮೂಲೆಗೆ ಬಣ್ಣದ ತ್ರಿಕೋನಗಳನ್ನು ಒಂದರ ಮೇಲೊಂದು ಮಡಿಸಿ ಇಡುತ್ತಾರೆ, ಅದು ‘ಫೂಲ್’. ಅದಿಲ್ಲದ ಕವದಿ ಬರಿಮೈಯದ್ದು ಎಂದರು ಅಜ್ಜಿ. ಇವರ ಕವದಿಯ ನಡುವೆ ಕೆಂಪು ಬಟ್ಟೆಯ ಒಂದು ಶಿಲುಬೆ ಇತ್ತು.

“ಹೊಲಿಗಿ ಬರ್ತದೇನ ಬಾಯಿ ನಿನಗ?” ಎಂದು ಕೇಳಿದರು. ಗುಂಡಿ ಹಚ್ಚಲು ಬರುತ್ತದೆ ಎಂದೆ. “ಹಂಗಾರ ಓದಾಕ ಬರ್ತದಲ್ಲ, ಇದನ್ನ ಓದು” ಎನ್ನುತ್ತ ಕವದಿಯಡಿಯಿಂದ ಒಂದು ಪ್ಲಾಸ್ಟಿಕ್ ಚೀಲ ಎಳೆದರು. ಒಳಗೆ ಆಧಾರ್, ರೇಷನ್ ಕಾರ್ಡು, ಜಾತಿ ಪ್ರಮಾಣಪತ್ರ, ಅರಣ್ಯ ಹಕ್ಕಿಗೆ ಹಾಕಿದ ಅರ್ಜಿಯ ಜೆರಾಕ್ಸು, ಅದನ್ನು ತಿರಸ್ಕರಿಸಿದ ಕಾಗದ. ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1. ಆ ಕೇರಿಯ ಮುದುಕರ ಪೈಕಿ ಯಾರ ಕಾರ್ಡು ನೋಡಿದರೂ ಅದೇ ಜನವರಿ 1.

ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಯವರು ಅದಕ್ಕೆ 2020ರವರೆಗೆ ಕಾಯಬೇಕಾಯಿತು. ಕ್ರೈಸ್ತರಾದವರಿಗೆ ಎಸ್‌ಟಿ ಹೇಗೆ ಸಿಗುತ್ತದೆ ಎಂದು ನಮ್ಮ ಹುಡುಗಿಯೊಬ್ಬಳಿಗೆ ಅನುಮಾನ. ಪರಿಶಿಷ್ಟ ಜಾತಿಗೆ ಇರುವ ಧರ್ಮದ ನಿರ್ಬಂಧ ಪಂಗಡಕ್ಕೆ ಇಲ್ಲ. ಈ ಪಟ್ಟಿಯಿಂದಲೇ ಅರಣ್ಯ ಹಕ್ಕಿನ ದಾರಿಯೂ ಸುಲಭವಾಗುತ್ತದೆ: 2006ರ ಕಾಯ್ದೆಯಲ್ಲಿ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಆ ಜಾಗದಲ್ಲಿ ಇದ್ದೇವೆ ಎಂದು ತೋರಿಸಿದರೆ ಸಾಕು, ಬೇರೆಯವರು 75 ವರ್ಷದ ವಾಸ ತೋರಿಸಬೇಕು. ಅಜ್ಜಿ ಆ ಮನೆಗೆ ಸೊಸೆಯಾಗಿ ಬಂದೇ ಐವತ್ತು ವರ್ಷದ ಮೇಲಾಗಿತ್ತು. ಆದರೂ ಕಾಗದದಲ್ಲಿ ಇದ್ದದ್ದು ಒಂದೇ ಸಾಲು, ದಾಖಲೆ ಸಾಲದು.

ಹಾಗಾದರೆ ಯಾವುದು ದಾಖಲೆ? ಕಾಯ್ದೆಯ ನಿಯಮಗಳಲ್ಲಿ ಹಿರಿಯರ ಲಿಖಿತ ಹೇಳಿಕೆಯೂ ಸಾಕ್ಷ್ಯವೇ. ಬಾವಿ, ಹೂಳುವ ಜಾಗ, ಪೂಜೆಯ ಸ್ಥಳ ಕೂಡ. ನಮ್ಮ ಬಿ.ಕಾಂ. ಹುಡುಗ ಅದನ್ನು ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದಾಗ ಅಜ್ಜಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದರು. ಮನೆಯ ಹಿಂದೆ, ಮತ್ತಿ ಮರದ ಆಚೆ, ಗೋರಿಗಳ ಸಾಲು. ಕಲ್ಲಿನಲ್ಲಿ ಕೊರೆದ ಶಿಲುಬೆಗಳು ಎರಡು, ಮಿಕ್ಕವು ಮರದವು, ಗೆದ್ದಲು ತಿಂದವು. ಗಂಡನದ್ದು ಯಾವುದು, ಮಾವನದ್ದು ಯಾವುದು ಎಂದು ತೋರಿಸುತ್ತ ಹೋದರು. ಹುಡುಗರು ಒಂದೊಂದರ ಫೋಟೊ ತೆಗೆದರು. ಈ ಸಲ ಯಾರೂ ಫೋಟೊದೊಳಗೆ ನಿಲ್ಲಲಿಲ್ಲ.

ಮರುದಿನ ಅರ್ಧ ಗುಂಪು ಮಕ್ಕಳ ಜೊತೆ ಆಟಕ್ಕೆ, ಅರ್ಧ ಗುಂಪು ಬರವಣಿಗೆಗೆ. ಮುದುಕರು ಹೇಳಿದ್ದನ್ನು ಬರೆದು, ಓದಿ ಕೇಳಿಸಿ, ಹೆಬ್ಬೆಟ್ಟು ಹಾಕಿಸಿಕೊಂಡರು. ನಾನೂ ಇನ್ನೊಬ್ಬಳೂ ಆ ಭಾಗದ ಇಗರ್ಜಿಗೆ ಹೋಗಿ ದೀಕ್ಷಾಸ್ನಾನದ ಹಳೇ ಪುಸ್ತಕ ನೋಡಬಹುದೇ ಎಂದು ಕೇಳಿದೆವು. ಅಲ್ಲಿನ ಪಾದ್ರಿ ಕಪಾಟಿನ ತಳದಿಂದ ತೆಗೆದುಕೊಟ್ಟರು. ಮಗುವಿನ ಹೆಸರು, ತಂದೆ ತಾಯಿ, ಊರು, ತಾರೀಖು. ಅಜ್ಜಿಯ ಮೂರೂ ಮಕ್ಕಳು ಅದರಲ್ಲಿದ್ದರು, 2005ಕ್ಕಿಂತ ಎಷ್ಟೋ ಮೊದಲಿನ ಮಸುಕಾದ ಶಾಯಿಯಲ್ಲಿ, ಕೇರಿಯ ಹೆಸರಿನ ಸಮೇತ. ಬಣ್ಣ ಬಳಿಯಲು ಬಂದ ನಮಗಿಂತ, ಯಾವ ಕಾಲದಲ್ಲೋ ಊರಿನ ಹೆಸರು ಬಿಡದೆ ಬರೆದಿಟ್ಟ ಆ ಪಾದ್ರಿಯೇ ಇಲ್ಲಿಗೆ ಹೆಚ್ಚು ಉಪಯೋಗಕ್ಕೆ ಬಂದವನು ಎಂದು ನನಗೆ ಅನ್ನಿಸಿತು.

ಅರ್ಜಿ ಇನ್ನು ಗ್ರಾಮಸಭೆ, ಉಪವಿಭಾಗ, ಜಿಲ್ಲಾ ಸಮಿತಿ ಎಂದು ಮೆಟ್ಟಿಲು ಹತ್ತಬೇಕು. ಅದನ್ನು ಹಿಡಿದು ಓಡಾಡುವವಳು ಕೇರಿಯದೇ ಹುಡುಗಿ, ಹಳಿಯಾಳದ ಕಾಲೇಜಿನಲ್ಲಿ ಓದುತ್ತಿದ್ದಾಳೆ. ನಮ್ಮ ಬಿ.ಕಾಂ. ಹುಡುಗನ ಹತ್ತಿರ ಫೈಲನ್ನು ಕಸಿದುಕೊಂಡು, “ಬಿಡ್ರಿ, ಇದು ನಂದು” ಎಂದಳು. ರಾತ್ರಿ ದಮಾಮ್ ಬಾರಿಸಿ ಕುಣಿದವರಲ್ಲಿ ಅವಳೇ ಮುಂದೆ.

ಮುಂದಿನ ವರ್ಷ ಏನು ತರಬೇಕು ಎಂದು ಹೊರಡುವಾಗ ಅಜ್ಜಿಯನ್ನು ಕೇಳಿದೆ. ಬಣ್ಣ ಬೇಡ, ಕೇರಂ ಬೋರ್ಡು ಇನ್ನೊಂದಿರಲಿ, ಹಳೇ ಕಾಟನ್ ಸೀರೆ ಎಷ್ಟಿದ್ದರೂ ತನ್ನಿ, ಪಾಲಿಸ್ಟರ್ ಬೇಡ, ಸೂಜಿ ಹೋಗೋದಿಲ್ಲ ಎಂದರು. ಮಳೆ ಹಿಡಿದರೆ ಕವದಿ ಒಣಗುವುದಿಲ್ಲ, ಅದಕ್ಕೇ ಏಪ್ರಿಲ್‌ನಲ್ಲೇ ಬರಬೇಕಂತೆ.