ಗ್ಯಾಲಪ್‌ನಿಂದ ಗನಾಡೊಗೆ: ಒಡವೆಯ ಬೆನ್ನು ನೋಡುತ್ತ

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿಯಿಂದ ಐ-40 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸುಮಾರು 225 ಕಿ.ಮೀ. ಹೋದರೆ ಗ್ಯಾಲಪ್. ಅಲ್ಲಿನ ಮೂಲನಿವಾಸಿಗಳಾದ ನವಾಹೋ ಬುಡಕಟ್ಟಿನವರ ಬೆಳ್ಳಿ ಒಡವೆಗೆ ಇದೇ ದೊಡ್ಡ ಪೇಟೆ. ಹಳೆಯ ರೂಟ್ 66ರ ಬದಿಯಲ್ಲಿ ಒಡವೆ ಅಂಗಡಿಗಳ ಜೊತೆಗೆ ಗಿರವಿ ಅಂಗಡಿಗಳೂ ಇವೆ. ಬಿಡಿಸಿಕೊಳ್ಳದೆ ಉಳಿದ ಒಡವೆ ‘ಡೆಡ್ ಪಾನ್’ ಎಂಬ ಹೆಸರಲ್ಲಿ ಮಾರಾಟಕ್ಕೆ ಬರುತ್ತದೆ. ಆ ಚೀಟಿ ಕಂಡೊಡನೆ ಹಳೆಯ ಕಾಲದ್ದು ಎಂದುಕೊಳ್ಳಬಾರದು; ಹೋದ ವರ್ಷ ಮಾಡಿದ ಕಡಗವೂ ಗಿರವಿಗೆ ಬರುತ್ತದೆ.

ಯಾವ ಅಂಗಡಿಯಲ್ಲೇ ಆಗಲಿ, ಮೊದಲು ಒಡವೆಯನ್ನು ತಿರುಗಿಸಿ ನೋಡಿ. ಕುಶಲಕರ್ಮಿಯ ಗುರುತು, ‘ಸ್ಟರ್ಲಿಂಗ್’ ಅಥವಾ 925 (ಸಾವಿರಕ್ಕೆ 925 ಪಾಲು ಬೆಳ್ಳಿ) ಎಂಬ ಮುದ್ರೆ ಅಲ್ಲಿರುತ್ತದೆ. ತೀರ ಹಳೆಯದರಲ್ಲಿ ಎರಡೂ ಇಲ್ಲದಿರಬಹುದು. ಆಗೆಲ್ಲ ನಾಣ್ಯ ಕರಗಿಸಿಯೇ ಒಡವೆ ಮಾಡುತ್ತಿದ್ದರು. ಉಕ್ಕಿನ ಅಚ್ಚನ್ನು ಕೈಯಿಂದ ಹೊಡೆದಿದ್ದರೆ ಗುರುತುಗಳ ಆಳ, ಅಂತರ ತುಸು ಏರುಪೇರಾಗಿರುತ್ತದೆ. ಹತ್ತು ಕಡಗಗಳಲ್ಲಿ ಗೆರೆ ಗೆರೆಯೂ ಒಂದೇ ಆಗಿದ್ದರೆ ಅದು ಯಂತ್ರದ ಕೆಲಸ.

ಎರಕದ ಕೆಲಸ ಬೇರೆಯೇ. ಟೂಫಾ ಎಂಬ ಮೆತ್ತನೆಯ ಜ್ವಾಲಾಮುಖಿ ಕಲ್ಲನ್ನು ಎರಡು ಹೋಳು ಮಾಡಿ, ಒಂದರಲ್ಲಿ ವಿನ್ಯಾಸ, ಬೆಳ್ಳಿ ಹೊಯ್ಯುವ ಕಾಲುವೆ, ಗಾಳಿ ಹೋಗುವ ಸಣ್ಣ ಗೀರುಗಳನ್ನು ಕೊರೆಯುತ್ತಾರೆ. ಒಳಗೆ ಮಸಿ ಹಿಡಿಸಿ, ಎರಡನ್ನೂ ಬಿಗಿದು ಕರಗಿದ ಬೆಳ್ಳಿ ಹೊಯ್ಯುತ್ತಾರೆ. ಗೀರು ಸಾಲದಿದ್ದರೆ ಗಾಳಿ ಸಿಕ್ಕಿಕೊಂಡು ತುದಿಗಳು ತುಂಬುವುದಿಲ್ಲ. ಕಲ್ಲು ಒದ್ದೆಯಿದ್ದರೆ ಹಬೆಗೆ ಬೆಳ್ಳಿ ಚಿಮ್ಮುತ್ತದೆ. ಕಡಗವನ್ನು ಚಪ್ಪಟೆಯಾಗಿ ಎರೆದು ಆಮೇಲೆ ಬಗ್ಗಿಸುತ್ತಾರೆ. ಹರಳಿನ ಕಟ್ಟನ್ನು ಬೆಸೆದು, ಕಪ್ಪು ಹಿಡಿಸಿ, ಹೊಳಪು ಕೊಟ್ಟ ಮೇಲೆಯೇ ಹರಳು ಕೂರುವುದು. ಬೆಂಕಿ ತಾಗಿದರೆ ಟರ್ಕಾಯ್ಸ್, ಅಂದರೆ ಫಿರೋಜಾ, ಬಣ್ಣಗೆಡುತ್ತದೆ.

ಗ್ಯಾಲಪ್‌ನಿಂದ 491ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗಿ 264ಕ್ಕೆ ತಿರುಗಿದರೆ ಪಕ್ಕದ ಅರಿಝೋನಾ ರಾಜ್ಯದಲ್ಲಿ ನವಾಹೋ ನಾಡಿನ ರಾಜಧಾನಿ ವಿಂಡೋ ರಾಕ್, ಅದರಾಚೆ ಗನಾಡೊ. ಒಟ್ಟು ಸುಮಾರು 90 ಕಿ.ಮೀ. ಬೇಸಿಗೆಯಲ್ಲಿ ಗಡಿಯಾರದ ಬಗ್ಗೆ ಎಚ್ಚರ: ಅರಿಝೋನಾ ಗಡಿಯಾರವನ್ನು ಒಂದು ತಾಸು ಮುಂದಿಡುವುದಿಲ್ಲ, ಅದರೊಳಗಿನ ನವಾಹೋ ನಾಡು ಮುಂದಿಡುತ್ತದೆ. ಫೋನ್ ಅರಿಝೋನಾದ ರಾಜಧಾನಿ ಫೀನಿಕ್ಸ್‌ನ ಸಮಯ ತೋರಿಸುತ್ತಿದ್ದರೆ ಒಂದು ತಾಸು ತಡವಾಗಿ ತಲುಪಿ ಮುಚ್ಚಿದ ಬಾಗಿಲು ನೋಡಬೇಕಾದೀತು. ಗನಾಡೊದ ಹಬಲ್ ಟ್ರೇಡಿಂಗ್ ಪೋಸ್ಟ್ ಎಂಬ ವ್ಯಾಪಾರದ ಅಂಗಡಿ 1878ರಿಂದಿದೆ, ಈಗ ರಾಷ್ಟ್ರೀಯ ಐತಿಹಾಸಿಕ ತಾಣ. ಕಂಬಳಿಗಳೇ ಅಲ್ಲಿ ಹೆಚ್ಚು ಸೆಳೆಯುತ್ತವೆ, ಆದರೂ ಬೆಳ್ಳಿಯನ್ನು ನಿಧಾನವಾಗಿ ನೋಡಬಹುದು.

ಹರಳಿನ ಬಗ್ಗೆ ಒಂದೇ ಪ್ರಶ್ನೆ ಸಾಲದು. ನೈಸರ್ಗಿಕವೇ, ರಾಳ ಹೀರಿಸಿ ಗಟ್ಟಿ ಮಾಡಿದ್ದೇ, ಪುಡಿ ಒತ್ತಿ ಮಾಡಿದ್ದೇ, ಬಣ್ಣ ಹಾಕಿದ ಹೌಲೈಟ್ ಎಂಬ ಬಿಳಿ ಕಲ್ಲೇ ಎಂದು ಕೇಳಿ, ಉತ್ತರವನ್ನು ರಸೀದಿಯಲ್ಲಿ ಬರೆಸಿಕೊಳ್ಳಿ. ರಾಳ ಹೀರಿಸಿದ್ದು ಮೋಸವಲ್ಲ. ಹಾಗೆ ಮಾಡದಿದ್ದರೆ ಮೆತ್ತನೆಯ ಕಲ್ಲು ಬಾಳುವುದಿಲ್ಲ. ಹೇಳದೆ ಮಾರುವುದು ಮೋಸ. ಕುಶಲಕರ್ಮಿಯ ಹೆಸರು, ಬುಡಕಟ್ಟು ಕೂಡ ರಸೀದಿಯಲ್ಲಿರಲಿ: ಬುಡಕಟ್ಟಿನವರು ಮಾಡದ್ದನ್ನು ಅವರದೆಂದು ಮಾರುವುದು ಅಮೆರಿಕದ 1990ರ ಕಾಯ್ದೆಯಡಿ ಅಪರಾಧ.

ಟೊಳ್ಳು ಒಡವೆಗೆ ನಮ್ಮಲ್ಲಿ ಅರಗು ತುಂಬುವಂತೆ, ಇಲ್ಲಿ ಹಳೆಯ ಕೆಲಸದಲ್ಲಿ ಹರಳಿನಡಿ ಮರದ ಹೊಟ್ಟು ತುಂಬುತ್ತಿದ್ದರು. ನೀರು ಇಳಿದರೆ ಹೊಟ್ಟು ಉಬ್ಬಿ ಹರಳನ್ನು ಮೇಲೆ ತಳ್ಳುತ್ತದೆ. ಹಾಗಾಗಿ ಪಾತ್ರೆ ತೊಳೆಯುವಾಗ ಉಂಗುರ ತೆಗೆದಿಡಿ. ಬೆಳ್ಳಿ ತೊಳೆಯುವ ದ್ರಾವಣದಲ್ಲಂತೂ ಅದ್ದಲೇಬೇಡಿ. ಉಂಗುರದ ಅಳತೆ ಅಲ್ಲೇ ನೋಡಿ ಕೊಳ್ಳಿ, ದೊಡ್ಡದು ಮಾಡಿಸಲು ಹರಳು ಬಿಚ್ಚಬೇಕಾಗುತ್ತದೆ. ಕಡಗವನ್ನು ಮಣಿಕಟ್ಟಿನ ಪಕ್ಕದಿಂದ ತೂರಿಸಿ ತಿರುಗಿಸಿ. ದಿನವೂ ಹಿಗ್ಗಿಸಿ ಒತ್ತುತ್ತಿದ್ದರೆ ಬೆಳ್ಳಿ ಪೆಡಸಾಗಿ ನಡುವೆ ಸೀಳುತ್ತದೆ.