ಇಪ್ಪತ್ತು ನಿಮಿಷ ಮುಂದೆ ಹೋದ ಗಡಿಯಾರ

ಶಾಲೆಯ ಸಂಚಿಕೆಗೆ ಏನಾದರೂ ಬರೆದು ಕೊಡಿ ಎಂದು ಹಳೆ ವಿದ್ಯಾರ್ಥಿ ಸಂಘದವರು ಮೂರು ಸಲ ಫೋನ್ ಮಾಡಿದರು. ನಾನು ಹೋಟೆಲಿನವನು, ಬಿಲ್ ಬಿಟ್ಟು ಬೇರೇನೂ ಬರೆದು ಗೊತ್ತಿಲ್ಲ ಎಂದು ತಪ್ಪಿಸಿಕೊಂಡಿದ್ದೆ. ಅಷ್ಟರಲ್ಲಿ ನಮ್ಮ ನೇವಿ ಮಾಸ್ಟ್ರು ತೀರಿಕೊಂಡರು. ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ.

ನಾನು ಕುಂದಾಪುರದ ಕಡೆಯವನು. 1975ರಲ್ಲಿ ಏಳನೇ ಕ್ಲಾಸ್ ಮುಗಿಸಿ ಮುಂಬಯಿಗೆ ಬಂದೆ. ಆಗಿನ್ನೂ ಅದು ಬೊಂಬಾಯಿ. ಫೋರ್ಟಿನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ. ಸಂಜೆ ಆರೂವರೆಗೆ ಬಟ್ಟೆ ಬದಲಿಸಿ ಕನ್ನಡ ರಾತ್ರಿ ಶಾಲೆಗೆ ಓಡಬೇಕು. ಒಂಬತ್ತೂವರೆಗೆ ಶಾಲೆ ಬಿಟ್ಟ ಮೇಲೆ ಮತ್ತೆ ಹೋಟೆಲಿಗೆ, ಪಾತ್ರೆಗೆ. ಕ್ಲಾಸಿನಲ್ಲಿ ನಾವು ಮೂವತ್ತೆರಡು ಜನ. ಎಲ್ಲರ ಮೈಯಲ್ಲೂ ಸಾಂಬಾರಿನ ವಾಸನೆ. ಏನು ಕಲಿತೆವು ಎಂದು ಕೇಳಬೇಡಿ. ಬೀಜಗಣಿತ ಎಂಬುದೊಂದು ಇತ್ತು, ಅಷ್ಟು ನೆನಪಿದೆ.

ಮಾಸ್ಟ್ರು ಹಗಲು ಬ್ಯಾಂಕಿನಲ್ಲಿ ಗುಮಾಸ್ತರು, ರಾತ್ರಿ ನಮಗೆ ಇಂಗ್ಲಿಷು, ಲೆಕ್ಕ. ಅದಕ್ಕೂ ಮೊದಲು ಹದಿನೈದು ವರ್ಷ ನೌಕಾಪಡೆಯಲ್ಲಿದ್ದರು. ಬಂದೂಕು ಹಿಡಿದವರಲ್ಲ. ಅಲ್ಲಿ 'ರೈಟರ್' ಎಂಬ ಕೆಲಸ ಇದೆ, ಆಫೀಸಿನ ಕಾಗದಪತ್ರ ನೋಡುವುದು. ಅವರು ಹಾಜರಿ ಕರೆಯುವ ರೀತಿ ಬೇರೆಯೇ. ಹುಡುಗನ ಹೆಸರು, ಅಪ್ಪನ ಹೆಸರು, ಊರು. ಮೂವತ್ತೆರಡು ಜನರದ್ದೂ, ದಿನಾಲೂ. ಹತ್ತು ನಿಮಿಷ ಅದಕ್ಕೇ ಹೋಗುತ್ತಿತ್ತು. ನಮಗೆ ನಗು. ಆದರೆ ಹೋಟೆಲಿನಲ್ಲಿ ಬೆಳಿಗ್ಗೆಯಿಂದ 'ಏ ಪೋರಾ', 'ಏ ಬಾರ್ಕ್ಯಾ' ಎಂದೇ ಕರೆಸಿಕೊಂಡವರು ನಾವು. ಸಂಜೆ ಒಬ್ಬರು ಅಪ್ಪನ ಹೆಸರು ಸೇರಿಸಿ ಕರೆದಾಗ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಇಂಗ್ಲಿಷಿನಲ್ಲಿ ಹೆಸರಿನ ಒಂದಕ್ಷರ ತಪ್ಪು ಬರೆದರೂ ನೂರು ಸಲ ಬರೆಸುತ್ತಿದ್ದರು. ಲೆಕ್ಕ ತಪ್ಪಿದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ವರ್ಷಕ್ಕೊಂದು ದಿನ ಅವರು ಬೇರೆ ಮನುಷ್ಯ. ಡಿಸೆಂಬರ್ 9. ಬೋರ್ಡಿನ ಮೇಲೆ 18 + 176 ಎಂದು ಬರೆಯುವರು. ಉತ್ತರ ಬರೆಯುತ್ತಿರಲಿಲ್ಲ. ಎಂಟೂ ಮುಕ್ಕಾಲಕ್ಕೆ ದೀಪ ಆರಿಸಿ ಎಲ್ಲರನ್ನೂ ಎದ್ದು ನಿಲ್ಲಿಸುವರು. ಎರಡು ನಿಮಿಷ. 1971ರ ಆ ರಾತ್ರಿ ದಿಯು ಹತ್ತಿರದ ಸಮುದ್ರದಲ್ಲಿ ನಮ್ಮ ನೌಕಾಪಡೆಯ ಖುಕ್ರಿ ಹಡಗಿಗೆ ಪಾಕಿಸ್ತಾನದ ಹ್ಯಾಂಗೋರ್ ಸಬ್‌ಮರೀನ್ ಟಾರ್ಪೆಡೊ ಹೊಡೆದದ್ದು ಸುಮಾರು ಅದೇ ಹೊತ್ತಿಗೆ. ಕೆಲವೇ ನಿಮಿಷದಲ್ಲಿ ಹಡಗು ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ತನ್ನ ಲೈಫ್ ಜಾಕೆಟ್ಟನ್ನು ಒಬ್ಬ ನಾವಿಕನಿಗೆ ಕೊಟ್ಟು ಹಡಗಿನ ಜೊತೆಯೇ ಹೋದರು. ಅವರಿಗೆ ಮಹಾವೀರ ಚಕ್ರ ಬಂತು. ಇದನ್ನೆಲ್ಲ ಮಾಸ್ಟ್ರು ಬೇಗ ಹೇಳಿ ಮುಗಿಸುತ್ತಿದ್ದರು. ಆಮೇಲೆ, "ಕೆಳಗಿನ ಡೆಕ್ಕಿನಲ್ಲಿ ಅಡುಗೆಯವರಿದ್ದರು, ಬಡಿಸುವವರಿದ್ದರು. ನಿಮ್ಮದೇ ಕೆಲಸದವರು" ಎನ್ನುತ್ತಿದ್ದರು. ನಮಗೆ ಯುದ್ಧ ಎಂದರೆ ಫಿರಂಗಿ. ಯುದ್ಧದಲ್ಲೂ ಯಾರಾದರೂ ಚಪಾತಿ ಲಟ್ಟಿಸಬೇಕು ಎಂದು ಹೊಳೆದೇ ಇರಲಿಲ್ಲ.

ಈಗ ನನ್ನ ಕಿತಾಪತಿಗೆ ಬರುತ್ತೇನೆ. 1977. ಅವತ್ತು ಶುಕ್ರವಾರ. ವಿ.ಟಿ. ರೈಲ್ವೆ ಸ್ಟೇಷನ್ ಎದುರಿನ ಕ್ಯಾಪಿಟಲ್ ಟಾಕೀಸಿಗೆ ಹೊಸ ಪಿಕ್ಚರ್ ಬಂದಿತ್ತು. ನನ್ನ ಪಕ್ಕದ ಬೆಂಚಿನವನು ಎರಡು ಟಿಕೆಟ್ ತಂದಿಟ್ಟಿದ್ದ. ಒಂಬತ್ತೂವರೆಗೆ ಶಾಲೆ ಬಿಟ್ಟರೆ ಆಟ ಶುರುವಾಗಿರುತ್ತದೆ. ಗೋಡೆ ಗಡಿಯಾರಕ್ಕೆ ಕೀ ಕೊಡುವ ಕೆಲಸ ನನ್ನದು. ಮಾಸ್ಟ್ರ ಕೈಗಡಿಯಾರ ರಿಪೇರಿಗೆ ಹೋಗಿತ್ತು. ಇನ್ನೇನು ಬೇಕು? ಮುಳ್ಳನ್ನು ಇಪ್ಪತ್ತು ನಿಮಿಷ ಮುಂದೆ ತಳ್ಳಿದೆ. ಅವತ್ತು ತಾರೀಕು ಎಷ್ಟು ಎಂಬುದು ತಲೆಯಲ್ಲೇ ಇರಲಿಲ್ಲ, ಸತ್ಯವಾಗಿ.

ಮಾಸ್ಟ್ರು ಬೋರ್ಡಿನ ಮೇಲೆ 18 + 176 ಬರೆದಾಗ ನನ್ನ ಹೊಟ್ಟೆ ತಣ್ಣಗಾಯಿತು. ಬಾಯಿ ಬಿಡಲಿಲ್ಲ. ಗೋಡೆ ಗಡಿಯಾರ ಎಂಟೂ ಮುಕ್ಕಾಲು ತೋರಿಸಿತು. ಅವರು ದೀಪ ಆರಿಸಿದರು. ನಿಂತೆವು. ದೀಪ ಹಾಕಿದರು. ಪಾಠ ಮುಂದುವರಿಯಿತು.

ಗಡಿಯಾರದಲ್ಲಿ ಒಂಬತ್ತು ದಾಟಿ ಐದು ನಿಮಿಷ ಆಗಿರಬೇಕು. ಪಕ್ಕದ ಚಾಳಿನ ರೇಡಿಯೋದಿಂದ ಹಿಂದಿ ವಾರ್ತೆ ಶುರುವಾದದ್ದು ಕೇಳಿಸಿತು. ಅದು ಎಂಟೂ ಮುಕ್ಕಾಲರ ವಾರ್ತೆ ಎಂದು ಬೊಂಬಾಯಿಯ ಮಕ್ಕಳಿಗೂ ಗೊತ್ತು. ಮಾಸ್ಟ್ರ ಕೈಯಲ್ಲಿನ ಚಾಕ್ ನಿಂತಿತು. ಗಡಿಯಾರ ನೋಡಿದರು. ಬೆಂಚಿನ ಮೇಲೆ ಹತ್ತಿ ಮುಳ್ಳನ್ನು ಹಿಂದಕ್ಕೆ ತಂದರು. ಇಳಿದು ಬಂದು ಮತ್ತೆ ದೀಪ ಆರಿಸಿದರು. ಮತ್ತೆ ಎಲ್ಲರೂ ನಿಂತೆವು. ಕತ್ತಲೆಯಲ್ಲಿ ಆ ವಾರ್ತೆಯವನು ಓದುತ್ತಲೇ ಇದ್ದ.

ದೀಪ ಹಾಕಿ, "ಯಾರು?" ಎಂದರು. ನಾನು ಕೂರಲಿಲ್ಲ.

"ಇಪ್ಪತ್ತು ನಿಮಿಷ ಮೊದಲೇ ಮುಳುಗಿಸಿಬಿಟ್ಟೆಯಲ್ಲ ಮಾರಾಯ" ಎಂದರು. ಹೊಡೆಯಲಿಲ್ಲ. ಹೊಡೆದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ. ಟಿಕೆಟ್ ಎರಡೂ ಜೇಬಿನಲ್ಲೇ ಉಳಿದವು. ಆ ಪಕ್ಕದ ಬೆಂಚಿನವನಿಗೆ ಈಗ ಥಾಣೆಯಲ್ಲಿ ಸ್ವಂತ ಹೋಟೆಲು. ಇವತ್ತಿಗೂ ಟಿಕೆಟಿನ ದುಡ್ಡು ಕೇಳುತ್ತಾನೆ.

ಶಾಲೆ ಬಿಟ್ಟ ಮೇಲೆ ಮಾಸ್ಟ್ರು ಬೋರಾ ಬಜಾರಿನವರೆಗೆ ನನ್ನ ಜೊತೆ ನಡೆದು ಬಂದರು. ಕಟಿಂಗ್ ಚಾ ಕೊಡಿಸಿದರು. 71ರ ಡಿಸೆಂಬರಿನಲ್ಲಿ ಅವರು ದಡದ ಆಫೀಸಿನಲ್ಲಿದ್ದರು. ಊರಿಡೀ ಬ್ಲ್ಯಾಕ್‌ಔಟ್. ಕಿಟಕಿಗೆ ಕಪ್ಪು ಕಾಗದ ಅಂಟಿಸಿಕೊಂಡು ಒಳಗೆ ಕೂತು, ಹೋದವರ ಮನೆಗಳಿಗೆ ಟೆಲಿಗ್ರಾಂ ಟೈಪ್ ಮಾಡುವುದು ಅವರ ಪಾಲಿಗೆ ಬಂತು. "ಒಂದೇ ಹೆಸರಿನವರು ಇಬ್ಬರು ಇರ್ತಾರೆ. ಅಪ್ಪನ ಹೆಸರು, ಊರು ನೋಡದೆ ಹೊಡೆದರೆ ಬದುಕಿದವನ ಮನೆಗೆ ಹೋಗ್ತದೆ" ಎಂದರು. ಅವರ ಜೊತೆ ಒಂದೇ ದಿನ ನೌಕಾಪಡೆ ಸೇರಿದ ಒಬ್ಬನ ಹೆಸರೂ ಆ ಪಟ್ಟಿಯಲ್ಲಿ ಇತ್ತಂತೆ. "ಅದೊಂದು ಟೈಪ್ ಮಾಡ್ಲಿಕ್ಕೆ ಪಕ್ಕದವನಿಗೆ ಕೊಟ್ಟೆ." ಅಷ್ಟು ಹೇಳಿ ಚಾದ ಗ್ಲಾಸ್ ಕೆಳಗಿಟ್ಟರು. ಮುಂದೆ ಎಷ್ಟೋ ಸಲ ಸಿಕ್ಕರು, ಆ ಮಾತು ಮತ್ತೆ ಎತ್ತಲಿಲ್ಲ.

ಅವರು ಹೋದ ಮೇಲೆ ನಾನು ದಿಯುಗೆ ಹೋಗಿ ಬಂದೆ. 1999ರಲ್ಲಿ ಕಟ್ಟಿದ ಸ್ಮಾರಕ ಅಲ್ಲಿದೆ. ಗಾಜಿನ ಮನೆಯೊಳಗೆ ಖುಕ್ರಿಯ ಮಾದರಿ, ಎದುರಿಗೆ ಸಮುದ್ರ. ಅದೇ ಹೆಸರಿನ ಎರಡನೇ ಹಡಗೊಂದು ನಮ್ಮ ಮಜಗಾಂವ್ ಡಾಕ್‌ನಲ್ಲೇ ತಯಾರಾಗಿ, 1989ರಿಂದ 2021ರವರೆಗೆ ಸೇವೆಯಲ್ಲಿತ್ತು. ಅದನ್ನೂ ಈಗ ದಿಯುಗೆ ತಂದಿಟ್ಟಿದ್ದಾರೆ. ಮೊದಲನೆಯದು ಮಾತ್ರ ಇನ್ನೂ ನೀರಿನ ತಳದಲ್ಲೇ ಇದೆ, ಒಳಗಿದ್ದವರ ಜೊತೆ. ಜನ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನಾನೂ ಒಂದು ತೆಗೆದುಕೊಂಡೆ, ಸುಳ್ಳು ಯಾಕೆ ಹೇಳಲಿ.

ಮೊಮ್ಮಗಳ ಶಾಲೆಯಲ್ಲಿ ಹಾಜರಿ ಆ್ಯಪ್‌ನಲ್ಲಿ. ಅವಳು ರೋಲ್ ನಂಬರ್ 27. ನಿನ್ನ ಊರು ಯಾವುದು ಅಂತ ಟೀಚರ್ ಯಾವತ್ತಾದರೂ ಕೇಳಿದ್ದಾರಾ ಎಂದರೆ, "ಅಜ್ಜ, ವಾಶಿ ಅಂತ ಫಾರ್ಮಿನಲ್ಲೇ ಇದೆಯಲ್ಲ" ಎನ್ನುತ್ತಾಳೆ. ಫೀಸು ಮಾತ್ರ ಜಾಸ್ತಿ. ನನ್ನ ಎರಡೂ ಹೋಟೆಲಿನಲ್ಲಿ ಹುಡುಗರನ್ನು ಹೆಸರು ಹಿಡಿದೇ ಕರೆಯಬೇಕು, ಗಲ್ಲೆಯಲ್ಲಿ ಕೂರುವ ನನ್ನ ಮಗನೂ. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೂ ಹೇಳಿದೆ.

ಮಾಸ್ಟ್ರ ಸಂತಾಪ ಸಭೆಗೆ ಬೇಗ ಹೋಗಿದ್ದೆ. ವೇದಿಕೆಯ ಹಿಂದೆ ದೊಡ್ಡ ಫ್ಲೆಕ್ಸ್. ಅವರ ಅಪ್ಪನ ಹೆಸರಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಸಂಘದ ಕಾರ್ಯದರ್ಶಿ, "ಬಿಡಿ, ಯಾರು ನೋಡ್ತಾರೆ" ಎಂದರು. ಫ್ಲೆಕ್ಸ್ ಇಳಿಸಿದೆ. ಹೋಟೆಲಿನಿಂದ ಸ್ಪೆಷಲ್ ತಿಂಡಿ ಬರೆಯುವ ಬೋರ್ಡ್ ತರಿಸಿ, ಹೆಸರು, ಅಪ್ಪನ ಹೆಸರು, ಊರು, ಮೂರನ್ನೂ ಚಾಕ್‌ನಲ್ಲಿ ನಾನೇ ಬರೆದೆ. ಸಭೆ ಅರ್ಧ ಗಂಟೆ ತಡವಾಯಿತು. ಮುಂದಿನ ಸಾಲಿನಲ್ಲಿದ್ದ ಅತಿಥಿಗಳು ಗಡಿಯಾರ ನೋಡಿಕೊಳ್ಳುತ್ತಿದ್ದರು.