ಗೌರಿಯ ಬಾಣಂತನಕ್ಕೆ ಎಂಟು ಚೀಲ ದರಕು

ಆಷಾಢದಲ್ಲಿ ದನ ಕರು ಹಾಕಬಾರದು ಅಂತ ಯಾವ ಪಂಚಾಂಗದಲ್ಲೂ ಬರೆದಿಲ್ಲ. ಬರೆದಿದ್ದರೆ ಒಳ್ಳೆಯದಿತ್ತು.

ತಪ್ಪು ನನ್ನದೇ. 2023ರ ಮಹಾಲಯ ಅಮಾವಾಸ್ಯೆ ಹಿಂದುಮುಂದು ನಮ್ಮ ದನ ಗೌರಿ ಬೆದೆಗೆ ಬಂದಳು, ಇಡೀ ಕೇರಿಗೆ ಕೇಳುವ ಹಾಗೆ ಕೂಗಿದಳು, ನಾನು ಹಿಂದೆಮುಂದೆ ನೋಡದೆ ಗಬ್ಬ ಕಟ್ಟಿಸುವ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿಬಿಟ್ಟೆ. ದನದ ಗಬ್ಬ ಅಂದರೆ ಸುಮಾರು 280 ದಿನ. ಬೆರಳು ಮಡಚಿ ಎಣಿಸಿದ್ದರೂ ಸಾಕಿತ್ತು, ಸೀದಾ ಜುಲೈ ಮೂರನೇ ವಾರಕ್ಕೆ ಬಂದು ನಿಲ್ಲುತ್ತಿತ್ತು. ಶಿರಸಿ ಕಡೆಯವರಿಗೆ ಜುಲೈ ಮೂರನೇ ವಾರ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಅದೂ ಯಾವ ವರ್ಷ? 2024. ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದದ್ದು ಜುಲೈ 16ಕ್ಕೆ. ಗೌರಿ ಕರು ಹಾಕಿದ್ದು 18ರ ರಾತ್ರಿ. ಘಟ್ಟದ ಕೆಳಗಿನ ಆ ಸಾವುನೋವಿನ ಎದುರು ನಮ್ಮ ಮನೆಯ ತಾಪತ್ರಯ ಏನೇನೂ ಅಲ್ಲ. ಆದರೆ ಅದೇ ಮಳೆ ನಮ್ಮ ಕೊಟ್ಟಿಗೆ ಮಾಡಿನ ಮೇಲೂ ಸುರಿಯುತ್ತಿತ್ತು. ಕರೆಂಟು ಹೋಗಿ ಮೂರು ದಿನ ಆಗಿತ್ತು. ನಮ್ಮೂರಿನ ರಸ್ತೆಗೆ ಅಡ್ಡ ಒಂದು ಮತ್ತಿ ಮರ ಬಿದ್ದಿತ್ತು.

ಮಳೆಗಾಲದ ಬಾಣಂತನ ಅಂದರೆ ಎಲ್ಲರೂ ಚಳಿ ಅಂದುಕೊಳ್ಳುತ್ತಾರೆ. ಹಿಮ ಬೀಳುವ ಊರೇನಲ್ಲ ನಮ್ಮದು. ತೊಂದರೆ ಕೊಡುವುದು ಥಂಡಿ ನೆಲ. ಮೇಲಿಂದ ಬೀಳುವ ಮಳೆಯನ್ನು ಮಾಡು ತಡೆಯುತ್ತದೆ, ಪಕ್ಕದಿಂದ ಹೊಡೆಯುವ ಇರಚಲಿಗೆ ಸೋಗೆ ತಟ್ಟಿ ಕಟ್ಟಬಹುದು, ಆದರೆ ಗಾಳಿಯಲ್ಲೇ ನೀರು ತುಂಬಿಕೊಂಡಿರುವಾಗ ಯಾವುದೂ ಒಣಗುವುದಿಲ್ಲ. ನಾವು ಮಳೆಗಾಲದಲ್ಲಿ ಕೊಟ್ಟಿಗೆಗೆ ಹಾಸುವುದು ಬೆಟ್ಟದ ಹಸಿ ಸೊಪ್ಪು. ಗೊಬ್ಬರಕ್ಕೆ ಅದು ಬಂಗಾರ. ಅಡಿಕೆ ತೋಟ ಉಳಿದಿರುವುದೇ ಅದರಿಂದ, ಬ್ರಿಟಿಷರ ಕಾಲದಲ್ಲೇ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟದ್ದು ಸುಮ್ನೆ ಅಲ್ಲ. ಆದರೆ ಈಗಷ್ಟೇ ಹುಟ್ಟಿದ ಕರುವಿಗೆ ಹಸಿ ಸೊಪ್ಪು ಒದ್ದೆ ಹಾಸಿಗೆಯೇ. ಅದಕ್ಕೆ ನಮ್ಮ ಆಯಿ (ಅಮ್ಮ) ಪ್ರತಿ ಬೇಸಿಗೆ ಒಂದಿಷ್ಟು ದರಕನ್ನು, ಅಂದರೆ ಒಣ ತರಗೆಲೆಯನ್ನು, ಚೀಲಕ್ಕೆ ತುಂಬಿ, ಬಚ್ಚಲೊಲೆಯ ಹೊಗೆ ತಾಗುವ ಅಟ್ಟಕ್ಕೆ ಏರಿಸುತ್ತಾಳೆ. ಆ ವರ್ಷ ಎಂಟು ಚೀಲ ಇತ್ತು. ಇಷ್ಟೆಲ್ಲ ಯಾಕೆ ಅಂತ ಮಾರ್ಚಿನಲ್ಲಿ ನಾನೇ ಗೊಣಗಿದ್ದೆ.

18ರ ಸಂಜೆ ಆಯಿ ಅಕ್ಕಚ್ಚು (ಅಕ್ಕಿ ತೊಳೆದ ನೀರು) ಕೊಡಲು ಹೋದವಳು ಬಕೆಟ್ ಹಾಗೇ ವಾಪಸು ತಂದಳು. “ತಮಾ, ಗೌರಿ ಹುಲ್ಲು ಮುಟ್ಟಿದ್ದಿಲ್ಲೆ. ಇವತ್ತು ರಾತ್ರೆ ಕರು ಹಾಕ್ತು ನೋಡು.”

ಹೋಗಿ ನೋಡಿದೆ. ಬಾಲದ ಬುಡದ ಎರಡೂ ಕಡೆ ಗುಳಿ ಬಿದ್ದಿತ್ತು. ಕೆಚ್ಚಲು ಬಿಗಿದು ಮೊಲೆತೊಟ್ಟು ಮಿರಮಿರ ಹೊಳೆಯುತ್ತಿತ್ತು. ಥರ್ಮಾಮೀಟರ್ ಇಟ್ಟರೆ ಹಿಂದಿನ ದಿನಕ್ಕಿಂತ ಒಂದು ಡಿಗ್ರಿ ಕಡಿಮೆ. ಈ ಥರ್ಮಾಮೀಟರ್ ವಿಷಯಕ್ಕೆ ಆಯಿ ನಗುತ್ತಾಳೆ, ಅವಳಿಗೆ ಬಕೆಟ್ ನೋಡಿದರೇ ಸಾಕು.

ಹನ್ನೊಂದೂವರೆಗೆ ನೀರಿನ ಚೀಲ ಕಂಡಿತು. ಆಮೇಲೆ ಎರಡು ಗೊರಸು, ಅದರ ಮೇಲೆ ಮೂತಿ. ಈ ಮೂರೂ ಹೀಗೆ ಸಾಲಾಗಿ ಬಂದರೆ ನಾವು ಮಾಡಬೇಕಾದ್ದು ಏನೂ ಇಲ್ಲ, ಕೈ ಕಟ್ಟಿಕೊಂಡು ನಿಲ್ಲುವುದು ಅಷ್ಟೆ, ಅದೇ ಕಷ್ಟ. ಪಕ್ಕದ ಮನೆ ಭಾವ ಹಗ್ಗ ಹಿಡಿದುಕೊಂಡೇ ಬಂದಿದ್ದ. ಬೇಡ ಅಂದೆ. ಒಂದು ತಾಸಾದರೂ ಮುಂದುವರಿಯದಿದ್ದರೆ ಅಥವಾ ಒಂದೇ ಕಾಲು ಕಂಡರೆ ಆಗ ಗಾಬರಿ ಬೀಳಬೇಕು. ಗೌರಿ ಅರ್ಧ ತಾಸಿನೊಳಗೆ ಮುಗಿಸಿದಳು. ಹೆಣ್ಣು ಕರು.

ಆಮೇಲಿನದ್ದೇ ದೊಡ್ಡ ಕೆಲಸ. ಮೂಗು, ಬಾಯಿಯ ಲೋಳೆ ತೆಗೆದೆವು. ಗೌರಿ ನೆಕ್ಕಿದಳು, ನಾವು ಗೋಣಿಚೀಲದಿಂದ ಉಜ್ಜಿದೆವು. ಒಂದು ಚೀಲ ಒದ್ದೆಯಾಯಿತು, ಎರಡಾಯಿತು, ಮೂರಾಯಿತು, ಕರುವಿನ ಮೈ ಮಾತ್ರ ಹಾಗೇ ತಂಪು. ಕಿವಿ ಮುಟ್ಟಿದರೆ ಬಾವಿಕಟ್ಟೆ ಮುಟ್ಟಿದ ಹಾಗೆ. ಕೊನೆಗೆ ನಾಲ್ಕು ಚೀಲ ದರಕು ಸುರಿದು ಮೊಣಕಾಲೆತ್ತರದ ಗೂಡು ಮಾಡಿ ಕರುವನ್ನು ಅದರೊಳಗೆ ಕೂರಿಸಿದೆವು. ಮಳೆಯ ವಾಸನೆ ನಡುವೆ ಒಮ್ಮೆಲೆ ಬೇಸಿಗೆಯ ವಾಸನೆ, ಹೊಗೆ ಹಿಡಿದ ಒಣ ಎಲೆಯದ್ದು. ಸ್ವಲ್ಪ ಹೊತ್ತಿಗೆ ಕಿವಿ ಬೆಚ್ಚಗಾಯಿತು. ಆಗ ಹೊಕ್ಕುಳಬಳ್ಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚಿದೆ. ಮಳೆಗಾಲದಲ್ಲಿ ಇದನ್ನು ಮರೆತರೆ ವಾರದಲ್ಲಿ ಹುಳ ಬಿದ್ದಿರುತ್ತದೆ. ಕರು ಏಳುವ ತನಕ ಕಾಯದೆ ಗಿಣ್ಣು ಹಾಲು ಕರೆದು ಬಾಟಲಿಯಲ್ಲಿ ಕುಡಿಸಿದೆವು, ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ. ಕಸ (ಮಾಸು) ಬೀಳುವ ಮೊದಲು ಕರುವಿಗೆ ಹಾಲು ಕೊಡಬಾರದು ಅನ್ನುವವರು ಇನ್ನೂ ಇದ್ದಾರೆ. ದಯವಿಟ್ಟು ಕೇಳಬೇಡಿ. ರೋಗ ತಡೆಯುವ ಶಕ್ತಿ ಕರುವಿಗೆ ಸಿಗುವುದೇ ಆ ಹಾಲಿನಿಂದ, ತಾಸು ಕಳೆದ ಹಾಗೆ ಅದನ್ನು ಹೀರಿಕೊಳ್ಳುವುದು ಕಡಿಮೆಯಾಗುತ್ತದೆ, ಒಂದು ದಿನ ದಾಟಿದರೆ ಮುಗಿಯಿತು.

ಕಸ ಬೆಳಗಿನ ಜಾವ ಬಿತ್ತು, ತೋಟದಲ್ಲಿ ಹುಗಿದೆವು. ಎಲ್ಲ ಮುಗಿಯಿತು ಅಂತ ಚಾ ಕುಡಿದು ಮಲಗಿದೆ.

ಎಂಟು ಗಂಟೆಗೆ ಆಯಿ ಎಬ್ಬಿಸಿದಳು. ಗೌರಿ ಕೂತಿದ್ದಾಳೆ, ಏಳುತ್ತಿಲ್ಲ. ಕುತ್ತಿಗೆಯನ್ನು ಪಕ್ಕೆಗೆ ಮಡಚಿಕೊಂಡಿದ್ದಾಳೆ, ಮೂಗು ಒಣಗಿದೆ, ಕಿವಿ ತಣ್ಣಗೆ. ರಾತ್ರಿ ಕರುವಿನ ಕಿವಿ ಹೇಗಿತ್ತೋ ಹಾಗೇ. ಹಾಲು ಜ್ವರ. ಹೆಸರಿಗೆ ಜ್ವರ, ಆದರೆ ಮೈ ತಣ್ಣಗಾಗುತ್ತದೆ. ಕರು ಹಾಕಿದ ಕೂಡಲೇ ರಕ್ತದ ಸುಣ್ಣ, ಅಂದರೆ ಕ್ಯಾಲ್ಸಿಯಂ, ಹಾಲಿಗೆ ಹೋಗಿ ದನ ನಿಲ್ಲಲಾರದೆ ಕೂತುಬಿಡುತ್ತದೆ. ಮೂರನೇ ಕರುವಿನಿಂದ ಮುಂದೆ, ಹಾಲು ಜಾಸ್ತಿ ಕೊಡುವ ಜರ್ಸಿ ಮಿಶ್ರತಳಿಗೆ ಇದು ಹೆಚ್ಚು. ಗೌರಿಗೆ ಅದು ನಾಲ್ಕನೆಯದು.

ನೆಟ್‌ವರ್ಕ್ ಸಿಗುವುದು ಅಡಿಕೆ ಒಣಗಿಸುವ ಅಟ್ಟದ ತುದಿಯಲ್ಲಿ ಮಾತ್ರ. ಅಲ್ಲಿ ಕೊಡೆ ಹಿಡಿದು ನಿಂತು ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬರಲು ಒಪ್ಪಿದರು, ಆದರೆ ಮತ್ತಿ ಮರ ಅಲ್ಲೇ ಇತ್ತಲ್ಲ. ಬರುವ ತನಕ ಎರಡೇ ಮಾತು ಹೇಳಿದರು: ಒಂದು ಮಗ್ಗುಲಿಗೆ ಚಪ್ಪಟೆ ಮಲಗಲು ಬಿಡಬೇಡಿ, ಹೊಟ್ಟೆ ಉಬ್ಬರಿಸುತ್ತದೆ; ಬಾಯಿಗೆ ಏನೂ ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಕೆಳಗಿಳಿದು ಬಂದರೆ ಭಾವ ಕ್ಯಾಲ್ಸಿಯಂ ಬಾಟಲಿ ಮುಚ್ಚಳ ತೆಗೆದು ತಯಾರಾಗಿ ನಿಂತಿದ್ದ! ಕೈಯಿಂದ ಕಸಿದುಕೊಂಡೆ. ಅವನಿಗೆ ಸ್ವಲ್ಪ ಬೇಜಾರಾಯಿತು.

ಉಳಿದ ನಾಲ್ಕು ಚೀಲ ದರಕು ಆಗ ಬಂತು. ಬಿಚ್ಚದೆ ಹಾಗೇ ಎರಡೆರಡು ಚೀಲವನ್ನು ಗೌರಿಯ ಎರಡು ಪಕ್ಕಕ್ಕೆ ಒತ್ತಿ ಇಟ್ಟು ಅವಳನ್ನು ನೆಟ್ಟಗೆ ಕೂರಿಸಿದೆವು. ಭಾವ ಮತ್ತೆ ನಾಲ್ಕು ಜನ ಕತ್ತಿ, ಗರಗಸ ತಗೊಂಡು ರಸ್ತೆಗೆ ಹೋದರು. ಡಾಕ್ಟರು ಬಂದಾಗ ಒಂದೂವರೆ. ಕ್ಯಾಲ್ಸಿಯಂ ಇಂಜೆಕ್ಷನ್ ಬಾಟಲಿಯನ್ನು ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡಿ, ಕುತ್ತಿಗೆಯ ನರಕ್ಕೆ ನಿಧಾನಕ್ಕೆ ಬಿಟ್ಟರು. ಮುಗಿಯುವುದರೊಳಗೆ ಗೌರಿಯ ಮೈ ನಡುಗಿತು, ತೇಗಿದಳು, ಸಗಣಿ ಹಾಕಿದಳು. ಸಗಣಿ ನೋಡಿ ಅಷ್ಟು ಖುಷಿಪಟ್ಟದ್ದು ನಾನು ಅದೇ ಮೊದಲು. ಅರ್ಧ ತಾಸಿಗೆ ಎದ್ದು ನಿಂತಳು.

ಕೈ ತೊಳೆಯುತ್ತಾ ಡಾಕ್ಟರು ಕೇಳಿದರು, ಗಬ್ಬ ಇದ್ದಾಗ ಕ್ಯಾಲ್ಸಿಯಂ ಟಾನಿಕ್ ಕೊಡ್ತಿದ್ರಾ? ಹೌದು ಅಂದೆ, ಹೆಮ್ಮೆಯಿಂದಲೇ. ಕೊನೆಯ ಎರಡು ತಿಂಗಳು ತಪ್ಪದೆ ಕೊಟ್ಟಿದ್ದೆ. ಅದೇ ತಪ್ಪಂತೆ. ಆಗ ಹೊರಗಿಂದ ಧಾರಾಳ ಸಿಕ್ಕಿದರೆ ಎಲುಬಿನಿಂದ ಸುಣ್ಣ ಎಳೆದುಕೊಳ್ಳುವ ಅಭ್ಯಾಸವೇ ಮೈಗೆ ಇರುವುದಿಲ್ಲ, ಕರು ಹಾಕಿದ ದಿನ ಬೇಕಾದಾಗ ಸಿಗುವುದಿಲ್ಲ. ಮತ್ತೆ ಮೊದಲ ಎರಡು ದಿನ ಕೆಚ್ಚಲು ಪೂರ್ತಿ ಬರಿದು ಮಾಡಬೇಡಿ ಅಂದರು.

ಈ ಸಲ ಲೆಕ್ಕ ಹಾಕಿದ್ದೇನೆ. ಗೌರಿಯ ಎರಡು ಬೆದೆ ಬೇಕೆಂದೇ ಬಿಟ್ಟು, ಜನವರಿ ನಡುವೆ ಇಂಜೆಕ್ಷನ್ ಕೊಡಿಸಿದೆ. ದೀಪಾವಳಿ ಹೊತ್ತಿಗೆ ಕರು ಹಾಕಬೇಕು. ಅದರ ಬೆನ್ನಿಗೇ ಅಡಿಕೆ ಗೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಎಲ್ಲ ಒಟ್ಟಿಗೇ ಬರುತ್ತದೆ ಅಂತ ಆಯಿಗೆ ಸಿಟ್ಟು. ಬಾಣಂತನ ನೀನೇ ಮಾಡು ಅಂದಿದ್ದಾಳೆ.

ಈ ನಡುವೆ ನಮ್ಮ ಮಲೆನಾಡು ಗಿಡ್ಡ ತಳಿಯ ದನ ಬೆಳ್ಳಿ, ಬೆಟ್ಟಕ್ಕೆ ಮೇಯಲು ಹೋದವಳು, ಯಾರನ್ನೂ ಕೇಳದೆ ಯಾವುದೋ ಹೋರಿ ಜೊತೆ ಮುಗಿಸಿಕೊಂಡು ಬಂದಿದ್ದಾಳೆ. ಆಯಿಯ ಲೆಕ್ಕದಲ್ಲಿ ಅವಳದ್ದು ಸರಿಯಾಗಿ ಆಷಾಢಕ್ಕೆ ಬೀಳುತ್ತದೆ. ನಿನ್ನೆಗೆ ಹನ್ನೊಂದು ಚೀಲ ದರಕು ಅಟ್ಟಕ್ಕೆ ಏರಿಸಿದ್ದೇನೆ.